ರೂಪಾಯಿಯ ವಟ್ಟ

ದುಡಿದವನು ತನ್ನ ದುಡಿಮೆಯ ಬೆಲೆಯನ್ನು ತನ್ನ ನಾಡಿನ ನಾಣ್ಯದಲ್ಲಿ ಕೇಳುವುದು ಲೋಕರೂಢಿ. ಹುಕ್ಕೇರಿಯ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಮುದುಕಿಗಾಗಲಿ, ಸಂಕೇಶ್ವರದ ಬೆಲ್ಲದ ವ್ಯಾಪಾರಿಗಾಗಲಿ ಇದರಲ್ಲಿ ಎಂದೂ ಸಂಶಯ ಹುಟ್ಟಿಲ್ಲ. ಮನೆಯಲ್ಲಿ ಕುಳಿತೇ ಸಾಗರದಾಚೆಯವರಿಗೆ ದುಡಿಯುವ ಹೊಸ ತಲೆಮಾರಿನವರಿಗೆ ಮಾತ್ರ ಈ ಸರಳ ನ್ಯಾಯವೂ ದುರ್ಲಭವಾಗಿದೆ.

ಹುಕ್ಕೇರಿಯ ಒಬ್ಬ ತರುಣನ ಸಂಗತಿಯನ್ನೇ ನೋಡಬಹುದು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ಆತನ ಕಸುಬು. ಮನೆ ಇರುವುದು ಆದಿಲಶಾಹಿ ಕಾಲದ ಗುಮ್ಮಟಗಳು ಕಾಣುವ ಓಣಿಯಲ್ಲಿ. ಚಿತ್ರಗಳು ಹೋಗುವುದು ಅಮೆರಿಕದ ಒಂದು ಚಿಕ್ಕ ಪ್ರಕಾಶನಕ್ಕೆ. ತಂದೆ ಸಂಕೇಶ್ವರದ ದಲಾಲಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ಈಗ ವಿಶ್ರಾಂತರಾಗಿದ್ದಾರೆ. ತಂಗಿ ಬೆಳಗಾವಿಯಲ್ಲಿ ಓದುತ್ತಾಳೆ. ಆಕೆಯ ವಸತಿಗೃಹಕ್ಕೆ ಕಟ್ಟಬೇಕಾಗಿದ್ದುದು 17,000 ರೂಪಾಯಿ. ಹತ್ತು ಚಿತ್ರಗಳಿಗೆ ಪ್ರಕಾಶಕರು ಒಪ್ಪಿಕೊಂಡಿದ್ದುದೂ ಅಷ್ಟೇ. ದೈವವೇ ಲೆಕ್ಕ ಹೊಂದಿಸಿಕೊಟ್ಟಂತೆ ಮನೆಯವರಿಗೆಲ್ಲ ತೋರಿತ್ತು.

ಚಿತ್ರಗಳು ಮುಗಿದವು, ಮೆಚ್ಚುಗೆಯೂ ಬಂದಿತು. ತರುಣನು ಹಣ ತರಿಸಿಕೊಳ್ಳಲು ಅಂತರಜಾಲದ ಒಂದು ವಿದೇಶೀ ಪಾವತಿ ಸಂಸ್ಥೆಯಲ್ಲಿ ಖಾತೆ ತೆರೆದು, 17,000 ರೂಪಾಯಿಗಳಿಗೆ ಬಿಲ್ಲು ಬರೆದನು. ಬಿಲ್ಲು ಮುಂದೆ ಹೋಗಲೊಲ್ಲದು. ರೂಪಾಯಿ ದೇಶದೊಳಗಿನ ವ್ಯವಹಾರದ ನಾಣ್ಯ, ಹೊರಗಿನವರಿಗೆ ಬರೆಯುವ ಬಿಲ್ಲು ಡಾಲರಿನಲ್ಲೋ ಪೌಂಡಿನಲ್ಲೋ ಇರತಕ್ಕದ್ದು ಎಂಬುದು ಅಲ್ಲಿಯ ಕಟ್ಟಳೆ. ಆ ಸಂಸ್ಥೆಗಳವರು ಇದನ್ನು ನಿಯಮಾವಳಿಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಬರೆದೇ ಇರುತ್ತಾರೆ. ಓದಿದವರು ಎಷ್ಟು ಮಂದಿ ಎಂಬುದು ಬೇರೆ ಮಾತು.

"ಅಲ್ಲೋ ತಮ್ಮಾ, ಬರದಾಂವ ನೀ, ಕುಂತದ್ದು ನಮ್ಮ ಮನ್ಯಾಗ, ಖರ್ಚ ಮಾಡೂದು ಬೆಳಗಾವ್ಯಾಗ. ನಡುವ ಆ ಡಾಲರ್ ಯಾಕ ಬಂತು?" ಎಂದು ತಂದೆ ಕೇಳಿದರು.

"ರೂಪಾಯಿ ಅಂತ ಬರದ್ರ ಅದು ತಗೊಳ್ಳೂದಿಲ್ಲಪ್ಪಾ," ಎಂದಷ್ಟೇ ಮಗನ ಉತ್ತರ.

ಆ ದಿನದ ಪೇಟೆಯ ದರ ಡಾಲರಿಗೆ 85 ರೂಪಾಯಿ. ತರುಣನು ಭಾಗಿಸಿ ನೋಡಿ 200 ಡಾಲರಿಗೆ ಬಿಲ್ಲು ಕಳಿಸಿದನು. ಪ್ರಕಾಶಕರು ತಡಮಾಡದೆ 200 ಡಾಲರನ್ನೂ ಸಲ್ಲಿಸಿದರು. ಹುಕ್ಕೇರಿಯ ಬ್ಯಾಂಕಿನ ಖಾತೆಗೆ ಬಂದುದು 15,662 ರೂಪಾಯಿ.

ತಂದೆಯವರು ಪೆನ್ಸಿಲ್ ಹಿಡಿದು ಕುಳಿತರು. ಸಂಸ್ಥೆ ತನ್ನ ಶುಲ್ಕವೆಂದು 9 ಡಾಲರು ಮುರಿದುಕೊಂಡದ್ದು ಕಾಗದದಲ್ಲಿ ಕಾಣುತ್ತಿತ್ತು. ಅದು 765 ರೂಪಾಯಿ. ಕೊರತೆಯಾದರೋ 1,338. ಉಳಿದ 573 ರೂಪಾಯಿ ಎಲ್ಲಿ ಹೋಯಿತು? ಯಾವ ಸಾಲಿನಲ್ಲೂ ಅದು ಇರಲಿಲ್ಲ. ಮೂರನೆಯ ಸಲ ಕೂಡಿಸಿದಾಗ ಗುಟ್ಟು ಬಯಲಾಯಿತು. ಪೇಟೆಯಲ್ಲಿ 85 ರೂಪಾಯಿ ಬಾಳುವ ಡಾಲರನ್ನು ಸಂಸ್ಥೆ 82ರಂತೆ ಹಿಡಿದಿತ್ತು. 191 ಡಾಲರಿಗೆ ಮೂರು ಮೂರು ರೂಪಾಯಿಯಂತೆ 573.

"ಇದಕ್ಕ ನಮ್ಮ ಹಿರಿಯರು ವಟ್ಟ ಅಂತಿದ್ರು," ಎಂದರು ತಂದೆ.

ಮಾತು ನಿಜ. 1835ರಲ್ಲಿ ಕಂಪನಿ ಸರಕಾರ ಏಕರೂಪದ ರೂಪಾಯಿಯನ್ನು ಹೊರಡಿಸುವ ಮುಂಚೆ ಒಂದೊಂದು ಸೀಮೆಗೆ ಒಂದೊಂದು ನಾಣ್ಯ ನಡೆಯುತ್ತಿತ್ತು. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವಾಗ ಚಿನಿವಾರನು ವಟ್ಟವನ್ನು ಮುರಿದುಕೊಂಡೇ ಎಣಿಸುತ್ತಿದ್ದನು. ಆದರೆ ಅವನು ಎದುರಿಗೆ ಕುಳಿತಿರುತ್ತಿದ್ದನು, ಅವನೊಡನೆ ಚೌಕಾಸಿ ಮಾಡಬಹುದಾಗಿತ್ತು. ದಲಾಲಿ ಅಂಗಡಿಯ ಪಟ್ಟಿಯಲ್ಲಿ ಕೂಡ ಹಮಾಲಿ ಇಷ್ಟು, ತೂಕದ್ದು ಇಷ್ಟು, ದಲಾಲಿ ಇಷ್ಟು ಎಂದು ಮುರಿದುಕೊಂಡದ್ದೆಲ್ಲ ಸಾಲುಸಾಲಾಗಿ ಇರುತ್ತದೆ. ರೈತ ಜಗಳವಾಡುವುದಕ್ಕಾದರೂ ಒಂದು ಸಾಲು ಬೇಕಷ್ಟೆ! ದರದ ಹೊಟ್ಟೆಯೊಳಗೆ ಅಡಗಿದ ವಟ್ಟದೊಡನೆ ಯಾರು ಜಗಳವಾಡಬೇಕು?

ಹಣವನ್ನು ಡಾಲರಿನಲ್ಲೇ ಇಟ್ಟುಕೊಂಡು ಒಳ್ಳೆಯ ದರಕ್ಕಾಗಿ ಕಾಯೋಣವೆಂದರೆ ಅದಕ್ಕೂ ಎಡೆಯಿಲ್ಲ. ಇಂಥ ಸಂಸ್ಥೆಗಳ ಮೂಲಕ ಬರುವ ರಫ್ತಿನ ಹಣದ ಬಗ್ಗೆ ರಿಸರ್ವ್ ಬ್ಯಾಂಕು 2010ರ ನವೆಂಬರಿನಲ್ಲಿ ಕಟ್ಟಳೆ ಮಾಡಿತು. ಒಂದು ಸಲಕ್ಕೆ 500 ಡಾಲರಿಗಿಂತ ಹೆಚ್ಚು ಬರಕೂಡದು, ಬಂದದ್ದು ಅಲ್ಲೇ ಕೂಡಿಬೀಳದೆ ಗೊತ್ತಾದ ದಿನಗಳೊಳಗೆ ಭಾರತದ ಬ್ಯಾಂಕಿಗೆ ಸೇರಬೇಕು ಎಂದಿತು. ಮಿತಿ 2011ರಲ್ಲಿ 3,000ಕ್ಕೂ 2013ರಲ್ಲಿ 10,000ಕ್ಕೂ ಏರಿತು. ದೇಶದ ಹಣ ದೇಶಕ್ಕೆ ಬರಲೆಂಬ ಉದ್ದೇಶ ಸರಿಯಾದುದೇ. ದರವನ್ನು ಆರಿಸಿಕೊಳ್ಳುವ ಅವಕಾಶ ಮಾತ್ರ ದುಡಿದವನ ಪಾಲಿಗೆ ಉಳಿಯಲಿಲ್ಲ.

ರೂಪಾಯಿಗೆ ಸಮುದ್ರ ದಾಟುವ ಯೋಗವೇ ಇರಲಿಲ್ಲವೆಂದಲ್ಲ. ಕುವೈತ್, ಬಹರೇನ್, ದುಬೈಗಳ ಪೇಟೆಗಳಲ್ಲಿ ಒಂದು ಕಾಲಕ್ಕೆ ನಮ್ಮ ರೂಪಾಯಿಯೇ ನಡೆಯುತ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕು ಆ ಸೀಮೆಗೆಂದೇ ಬೇರೆ ನೋಟುಗಳನ್ನು ಹೊರಡಿಸಿತ್ತು. 1961ರಲ್ಲಿ ಕುವೈತ್, 1965ರಲ್ಲಿ ಬಹರೇನ್ ತಮ್ಮ ತಮ್ಮ ನಾಣ್ಯಗಳನ್ನು ತಂದವು. 1966ರ ಜೂನ್ 6ರಂದು ರೂಪಾಯಿಯ ಬೆಲೆ ಇಳಿದು, ಡಾಲರಿಗೆ 4.76 ಇದ್ದುದು 7.50 ಆದಾಗ ಉಳಿದವರಲ್ಲಿ ಹೆಚ್ಚಿನವರೂ ಅದನ್ನು ಕೈಬಿಟ್ಟರು. ಈಚೆಗೆ ಗಾಳಿ ತುಸು ತಿರುಗಿದೆ. ರಫ್ತಿನ ಬಿಲ್ಲನ್ನು ರೂಪಾಯಿಯಲ್ಲೇ ಬರೆದು, ವಿದೇಶೀ ಬ್ಯಾಂಕುಗಳು ಇಲ್ಲಿ ತೆರೆಯುವ ವಾಸ್ಟ್ರೋ ಖಾತೆಗಳ ಮೂಲಕ ತೀರಿಸಿಕೊಳ್ಳುವ ಏರ್ಪಾಟನ್ನು ರಿಸರ್ವ್ ಬ್ಯಾಂಕು 2022ರ ಜುಲೈ 11ರಂದು ಪ್ರಕಟಿಸಿತು. ಮರುವರ್ಷ ಸಂಯುಕ್ತ ಅರಬ್ ಎಮಿರೇಟ್ಸ್‌ನೊಡನೆ ಸ್ಥಳೀಯ ನಾಣ್ಯಗಳ ವ್ಯವಹಾರಕ್ಕೆ ಒಪ್ಪಂದವೂ ಆಯಿತು. ಹಡಗು ತುಂಬಿ ಸರಕು ಕಳಿಸುವವರಿಗೆ ಇದು ಸಂತೋಷದ ಸುದ್ದಿ. ಹುಕ್ಕೇರಿಯಿಂದ ಹೋದ ಹತ್ತು ಚಿತ್ರಗಳ ಬಿಲ್ಲಿಗಾಗಿ ವಾಸ್ಟ್ರೋ ಖಾತೆಯನ್ನು ಹುಡುಕುವ ಅಮೆರಿಕದ ಪ್ರಕಾಶಕ ಎಲ್ಲಿದ್ದಾನು?

ವಸತಿಗೃಹಕ್ಕೆ ಕಡಿಮೆ ಬಿದ್ದ 1,338 ರೂಪಾಯಿಗಳನ್ನು ತಾಯಿ ಹಾಲು ಮಾರಿ ಕೂಡಿಸಿದ್ದರಲ್ಲಿ ಎಣಿಸಿಕೊಟ್ಟರು. ಆಕೆ ಏನೂ ಆಡಲಿಲ್ಲ. ತರುಣನಿಗೆ ಆ ಮೌನವೇ ಹೆಚ್ಚು ಚುಚ್ಚಿತು. ತಿಂಗಳೆರಡು ದುಡಿದು ಎಮ್ಮೆಯ ಹಾಲಿಗೆ ಸಾಲಗಾರನಾದಂತಾಯಿತು.

ಮರುದಿನ ತಂದೆಮಗ ಕೂಡಿಯೇ ಪ್ರಕಾಶಕರಿಗೆ ಪತ್ರ ಬರೆದರು. ತಂದೆ ಹೇಳಿದ ಲೆಕ್ಕವನ್ನು ಮಗ ಇಂಗ್ಲಿಷಿಗೆ ಇಳಿಸಿದನು: ಒಪ್ಪಿದ್ದು ಇಷ್ಟು, ತಾವು ಕೊಟ್ಟದ್ದು ಇಷ್ಟು, ಶುಲ್ಕ ಇಷ್ಟು, ವಟ್ಟ ಇಷ್ಟು, ಕೈಗೆ ಬಂದದ್ದು ಇಷ್ಟು, ಎಲ್ಲವೂ ಸಾಲುಸಾಲಾಗಿ, ದಲಾಲಿ ಅಂಗಡಿಯ ಪಟ್ಟಿಯಂತೆಯೇ. ಮುಂದಿನ ಹತ್ತು ಚಿತ್ರಗಳಿಗೆ 220 ಡಾಲರು ಬೇಕೆಂದು ಕೊನೆಗೆ ಕೇಳಿತ್ತು. ನಾಲ್ಕು ದಿನಕ್ಕೆ ಒಪ್ಪಿಗೆ ಬಂದಿತು. ತಾವು ಕಳಿಸಿದ ಹಣ ಹೀಗೆ ಸವೆಯುವುದೆಂದು ಅವರಿಗೂ ಅದುವರೆಗೆ ತಿಳಿದಿರಲಿಲ್ಲವಂತೆ.

ತಂದೆಯವರ ಖಾತೆ ಪುಸ್ತಕದಲ್ಲಿ ಈಗ ಹೊಸದೊಂದು ಪುಟವಿದೆ. ಎಡಕ್ಕೆ ಚಿತ್ರಗಳ ಸಂಖ್ಯೆ, ಅದರ ಮುಂದೆ ಡಾಲರು, ಅದರ ಮುಂದೆ ವಟ್ಟ. ರೂಪಾಯಿಯ ಅಂಕಣವನ್ನು ಮಾತ್ರ ಬ್ಯಾಂಕಿನಿಂದ ಸುದ್ದಿ ಬರುವತನಕ ಅವರು ಖಾಲಿಯಾಗಿಯೇ ಬಿಡುತ್ತಾರೆ.