ತೊಷಿಕೊ ಕಟ್ಟಿದ ಮೇಳ

ಸಂಗೀತದ ಹುಚ್ಚು ಹಿಡಿದವರ ದಾರಿ ನೆಟ್ಟಗಿರುವುದಿಲ್ಲ. ಒಬ್ಬರ ಬೆನ್ನು ಹತ್ತಿ ಹೋಗಿ ಇನ್ನೊಬ್ಬರ ಬಾಗಿಲಲ್ಲಿ ನಿಂತಿರುತ್ತೇವೆ. ಜಪಾನಿನ ತೊಷಿಕೊ ಅಕಿಯೋಷಿ ನನಗೆ ಸಿಕ್ಕಿದ್ದು ಬೆಂಗಳೂರಿನ ಮೂಲಕ. ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಚಾರ್ಲಿ ಮರಿಯಾನೊ ಎಂಬ ಅಮೆರಿಕದ ಸ್ಯಾಕ್ಸೊಫೋನ್ ವಾದಕರು ನುಡಿಸಿದ ‘ಜ್ಯೋತಿ’ ಎಂಬ ಆಲ್ಬಮ್ ಇದೆ, 1983ರದು. ಆರ್.ಎ. ರಮಾಮಣಿಯವರ ಕಂಠದ ಪಕ್ಕದಲ್ಲಿ ಆ ಸ್ಯಾಕ್ಸೊಫೋನ್ ನಡೆಯುವ ವಿನಯ ನೋಡಿ, ನಾಗಸ್ವರವನ್ನೂ ಕಲಿತಿದ್ದ ಈ ಪುಣ್ಯಾತ್ಮ ಯಾರೆಂದು ಹುಡುಕಹೊರಟೆ. ಹುಡುಕುತ್ತ ಹೋದಾಗ ಎದುರಾದವರು ಒಂದು ಕಾಲದಲ್ಲಿ ಅವರ ಪತ್ನಿಯಾಗಿದ್ದ ತೊಷಿಕೊ. ಆಮೇಲೆ ನನ್ನ ಸಂಜೆಗಳೆಲ್ಲ ಈಕೆಯವೇ ಆದವು.

ಹುಟ್ಟಿದ್ದು 1929ರಲ್ಲಿ, ಮಂಚೂರಿಯಾದಲ್ಲಿ. ಜಪಾನ್ ಯುದ್ಧ ಸೋತಾಗ ಅಲ್ಲಿನ ಮನೆಮಾರೆಲ್ಲ ಹೋಗಿ ಕುಟುಂಬ ಬೆಪ್ಪು ಎಂಬ ಊರಿಗೆ ಬಂತು. ಮನೆಯಲ್ಲಿ ಪಿಯಾನೊ ಇಲ್ಲ. ಡಾನ್ಸ್ ಹಾಲೊಂದರ ಮುಂದೆ ಪಿಯಾನೊ ನುಡಿಸುವವರು ಬೇಕೆಂಬ ಬೋರ್ಡು ಕಂಡು ಹುಡುಗಿ ಒಳಗೆ ಹೋದಳು. ಜಾಜ್ ಪಿಯಾನೊ ವಾದಕ ಟೆಡ್ಡಿ ವಿಲ್ಸನ್ ಅವರ ರೆಕಾರ್ಡೊಂದು ಕಿವಿಗೆ ಬಿದ್ದದ್ದೇ ತಡ, ಜಾಜ್ ಬಿಡಲಿಲ್ಲ. ಟೋಕಿಯೊಗೆ ಬಂದಿದ್ದ ಹೆಸರಾಂತ ಪಿಯಾನೊ ವಾದಕ ಆಸ್ಕರ್ ಪೀಟರ್ಸನ್ ಕೇಳಿ ಮೆಚ್ಚಿದರು, 1953ರಲ್ಲಿ ಮೊದಲ ರೆಕಾರ್ಡಿಂಗ್ ಆಯಿತು, 1956ರಲ್ಲಿ ಬಾಸ್ಟನ್‌ನ ಬರ್ಕ್ಲೀ ಶಾಲೆಗೆ ಸೇರಿದರು. ಅಲ್ಲಿ ಓದಿದ ಮೊದಲ ಜಪಾನಿ ಅವರೇ. ಕಿಮೋನೊ ಉಟ್ಟ ಹೆಣ್ಣುಮಗಳು ಜಾಜ್ ಪಿಯಾನೊ ವಾದಕ ಬಡ್ ಪವೆಲ್ ಹಾಗೆ ನುಡಿಸುತ್ತಾಳಂತೆ ಎಂದು ನೋಡಲು ಬಂದವರೇ ಹೆಚ್ಚು. ಕಿವಿಗೊಟ್ಟು ಕೇಳಿದವರು ಎಷ್ಟು ಮಂದಿಯೋ!

ನಿಜವಾದ ಕೆಲಸ ಶುರುವಾದದ್ದು ನಲವತ್ತು ದಾಟಿದ ಮೇಲೆ. 1973ರಲ್ಲಿ, ಎರಡನೆಯ ಪತಿ ಲೂ ಟಬಾಕಿನ್ ಜೊತೆ ಲಾಸ್ ಏಂಜಲೀಸ್‌ನಲ್ಲಿ ದೊಡ್ಡ ಮೇಳ ಕಟ್ಟಿದರು. ಸಂಗೀತ ಬರೆಯುವುದು, ಎದುರು ನಿಂತು ನಡೆಸುವುದು, ಪಿಯಾನೊ ನುಡಿಸುವುದು ಎಲ್ಲ ಈಕೆಯೇ. ಟಬಾಕಿನ್ ಸ್ಯಾಕ್ಸೊಫೋನ್, ಕೊಳಲು. ಮರುವರ್ಷ ಆಫ್ರಿಕನ್ ಅಮೆರಿಕನ್ ಜಾಜ್ ಸಂಯೋಜಕ ಡ್ಯೂಕ್ ಎಲಿಂಗ್ಟನ್ ತೀರಿಕೊಂಡರು. ಅವರ ಸಂಗೀತದ ತುಂಬ ಅವರ ಜನ ಇದ್ದಾರೆ ಎಂಬ ಮಾತನ್ನು ಆಗ ಓದಿದ ತೊಷಿಕೊ, ಹಾಗಾದರೆ ನನ್ನ ಜನ ನನ್ನ ಸಂಗೀತದಲ್ಲಿ ಎಲ್ಲಿ ಎಂದು ಕೇಳಿಕೊಂಡರು. ಜಾಜ್‌ನಿಂದ ಪಡೆದದ್ದಕ್ಕೆ ತಾನೂ ಏನಾದರೂ ಕೊಡಬೇಕು ಎಂಬ ಹಟ ಅದು.

ಯುದ್ಧ ಮುಗಿದದ್ದನ್ನು ನಂಬದೆ ಸುಮಾರು ಮೂವತ್ತು ವರ್ಷ ಫಿಲಿಪ್ಪೀನ್ಸಿನ ಕಾಡಿನಲ್ಲಿದ್ದ ಸೈನಿಕ ಹಿರೂ ಒನೋಡ ಹೊರಬಂದದ್ದೂ 1974ರಲ್ಲೇ. ಆತನನ್ನು ನೆನೆದು ಬರೆದದ್ದು ‘ಕೋಗುನ್’. ಅದನ್ನು ಕೇಳಬೇಕು. ಜಪಾನಿನ ಸಾಂಪ್ರದಾಯಿಕ ‘ನೋ’ ನಾಟಕದ ತ್ಸುಜುಮಿ ಎಂಬ ಚರ್ಮವಾದ್ಯ, ಅದನ್ನು ನುಡಿಸುವವರ ನೀಳ ಕೂಗು. ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವೆ ನಮ್ಮ ಉಸಿರು ನಿಲ್ಲುವಷ್ಟು ಬಿಡುವು. ಜಾಜ್‌ನ ಲೆಕ್ಕಕ್ಕೆ ಆ ಬಿಡುವು ಕೂರುವುದಿಲ್ಲ. ಅದನ್ನು ಕೂರಿಸಲು ತೊಷಿಕೊ ಹೋಗಲೂ ಇಲ್ಲ. ಎರಡು ಕಾಲಗತಿಗಳನ್ನೂ ಒಂದರ ಮಗ್ಗುಲಲ್ಲಿ ಒಂದು ಇರಗೊಟ್ಟರು. ಪರದೇಶಿ ವಾದ್ಯವನ್ನು ಎಲೆ ತುದಿಯ ಉಪ್ಪಿನಕಾಯಿಯಂತೆ ಬಡಿಸುವ ಸಮ್ಮಿಶ್ರ ಸಂಗೀತ ಬೇಕಾದಷ್ಟು ಕೇಳಿದ್ದೇನೆ. ಇದು ಆ ಜಾತಿಯದಲ್ಲ.

ಆಮೇಲಿನದು ಬೇಸರದ ಕತೆ. ಗ್ರ್ಯಾಮಿಗೆ 14 ಸಲ ಹೆಸರು ಹೋಯಿತು, ಒಂದು ಸಲವೂ ಬರಲಿಲ್ಲ. ‘ಡೌನ್ ಬೀಟ್’ ಪತ್ರಿಕೆಯ ಮತಗಣನೆಯಲ್ಲಿ ಸಂಯೋಜಕರ ಪೈಕಿ ಮೊದಲ ಸ್ಥಾನ ಪಡೆದ ಮೊದಲ ಮಹಿಳೆಗೆ ಕೊನೆಕೊನೆಗೆ ಅಮೆರಿಕದಲ್ಲಿ ಆಲ್ಬಮ್ ತರುವವರೇ ಇರಲಿಲ್ಲ. ಜಪಾನಿನಲ್ಲಿ ಹೊರಬಂದದ್ದು ಅಮೆರಿಕಕ್ಕೆ ತಲುಪುತ್ತಲೂ ಇರಲಿಲ್ಲ. ಆದರೂ 2001ರ ಆಗಸ್ಟ್ 6ರಂದು, ಬಾಂಬ್ ಬಿದ್ದ ದಿನವೇ, ಹಿರೋಷಿಮಾದಲ್ಲಿ ಹಿರೋಷಿಮಾ ಕುರಿತ ಕೃತಿ ನುಡಿಸಿದರು. 2003ರಲ್ಲಿ ಪಿಯಾನೊಗೆ ಮರಳಬೇಕೆಂದು ಮೇಳ ವಿಸರ್ಜಿಸಿದರು. ಮೂವತ್ತು ವರ್ಷ ಸಾಕಿದ ಮೇಳ ಅದು. ಆ ನಿರ್ಧಾರ ನನಗೆ ಇಂದಿಗೂ ನೋವು.

ಈಕೆಯನ್ನು ಕೇಳದವರು ‘ಮಿನಮಾತ’ದಿಂದ ಶುರುಮಾಡಿ. ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸ ಮೀನಿನಿಂದ ಮನುಷ್ಯರ ನರಕ್ಕೆ ಏರಿದ ಜಪಾನಿನ ಊರು ಅದು. ಆ ಕಾಯಿಲೆ ಜಗತ್ತಿಗೆ ಗೊತ್ತಾದದ್ದು 1956ರಲ್ಲಿ, ತೊಷಿಕೊ ದೇಶ ಬಿಟ್ಟ ವರ್ಷವೇ. ಇಪ್ಪತ್ತು ನಿಮಿಷ ಮೀರಿದ ಕೃತಿ. ಮೊದಲಿಗೆ ಮಗುವಿನ ದನಿ ಕೇಳಿಸುತ್ತದೆ. ಅದು ಆಕೆಯ ಮತ್ತು ಮರಿಯಾನೊರ ಮಗಳದು. ಹಿತ್ತಾಳೆ ವಾದ್ಯಗಳ ಅಬ್ಬರಕ್ಕೆ ಬೆಚ್ಚಿ ನಡುವೆ ನಿಲ್ಲಿಸಬೇಡಿ. ನೋ ಗಾಯಕ ಹಿಸಾವೊ ಕಾನ್ಜೆಯವರ ಗಂಟಲು ಏಳುವ ತನಕ ಕಾಯಿರಿ.