ಗಂಡ, ಹೆಂಡತಿ ಮತ್ತು ಒಂದು ಓಮ್ನಿ

ಉರ್ದು ಶಾಲೆಯಲ್ಲಿ ಕಲಿತ 'ಹಮ್' ಎಂಬ ಪದಕ್ಕೆ ಒಬ್ಬರಿದ್ದರೂ ಸಾಕು. ಕನ್ನಡದ 'ನಾವು' ಹಾಗಲ್ಲ, ಅದಕ್ಕೆ ಕನಿಷ್ಠ ಇಬ್ಬರಾದರೂ ಬೇಕು. ಇಪ್ಪತ್ತು ವರ್ಷ ನಮ್ಮ ಸಂಸಾರ ನಡೆದದ್ದು ಉರ್ದುವಿನ ಲೆಕ್ಕದಲ್ಲೇ. ನಮ್ಮಲ್ಲೊಬ್ಬರು ಮೈಸೂರಿನಲ್ಲಿ ಮಗಳನ್ನು ಓದಿಸುತ್ತ, ಆಗೀಗ ಒಂದು ಕಥೆ ಬರೆಯುತ್ತ ಇದ್ದರು. ಇನ್ನೊಬ್ಬರು ಸೌದಿಯ ದಮ್ಮಾಮಿನಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಅಷ್ಟನ್ನೂ ಕೂಡಿಸಿದರೆ ಇಪ್ಪತ್ತು ತಿಂಗಳು. ಮನೆಗೆ ಬಂದವರಿಗೆ ಗೋಡೆಯ ಫೋಟೋ ತೋರಿಸಿ 'ನಮ್ಮವರು' ಎನ್ನುವುದು ರೂಢಿಯಾಗಿಬಿಟ್ಟಿತ್ತು.

ನಮ್ಮವರು ಕೆಲಸ ಬಿಟ್ಟು ಊರಿಗೆ ಮರಳಿದರು. ಆಮೇಲೆ ಶುರುವಾಯಿತು ನಿಜವಾದ ಕಷ್ಟ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳುವಾಗಲೂ ಅವರಿಗೆ ಅತಿಥಿಯ ಸಂಕೋಚ. ಅವರು ಅಡುಗೆಮನೆಗೆ ಬಂದರೆ ನಮಗೆ ಯಾರೋ ಬಂದರೆಂಬ ಗಾಬರಿ. ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಮಗಳಿಗೆ ಇದು ತಿಳಿಯಿತು. "ಅಮ್ಮಿ, ಅಬ್ಬಾ, ಇಬ್ಬರೇ ಎಲ್ಲಾದರೂ ಹೋಗಿಬನ್ನಿ" ಎಂದಳು.

ಚಳಿಗಾಲದಲ್ಲಿ ಅರಬರು ಸಂಸಾರ ಸಮೇತ ಮರುಭೂಮಿಗೆ ಹೋಗಿ ಡೇರೆ ಹಾಕುವುದನ್ನು, ಚಕ್ರದ ಮೇಲಿನ ಮನೆಗಳನ್ನು ನಿಲ್ಲಿಸಿಕೊಂಡು ಚಹಾ ಕಾಯಿಸುವುದನ್ನು ನಮ್ಮವರು ಟ್ಯಾಂಕರಿನ ಸೀಟಿನಿಂದಲೇ ವರ್ಷವರ್ಷವೂ ನೋಡಿದ್ದರಂತೆ. ಆ ಆಸೆಗೆ ಒಂದು ಹಳೆಯ ಮಾರುತಿ ಓಮ್ನಿ ಸಿಕ್ಕಿತು. ಹಿಂದಿನ ಸೀಟು ಮಡಚಿ, ಹಲಗೆ ಹಾಕಿ, ಮೇಲೆ ಹಾಸಿಗೆ. ಕಿಟಕಿಗೆ ಹಳೆಯ ದುಪಟ್ಟಾದ ಪರದೆ. ಒಂದು ಸಣ್ಣ ಸ್ಟೌ, ಒಂದು ಕ್ಯಾನ್ ನೀರು. ಡಿಸೆಂಬರ್ ತಿಂಗಳು, ಕೊಡಗಿಗೆ ಹೊರಟೆವು.

"ಕಾವೇರಿ ದಾಟಿದರೆ ಬೇರೆ ಮುಲ್ಕು" ಎಂದು ನಮ್ಮ ದಾದಾ ಹೇಳುತ್ತಿದ್ದರು. ಅದರಲ್ಲಿ ಅರ್ಧದಷ್ಟು ಸತ್ಯವಿತ್ತು. 1956ರ ನವೆಂಬರ್ 1ರವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು, ಅದಕ್ಕೆ ಸಿ.ಎಂ. ಪೂಣಚ್ಚನವರೆಂಬ ಮುಖ್ಯಮಂತ್ರಿಯೂ ಇದ್ದರು. ಸೇತುವೆಗೆ ಮೊದಲೇ ಸಿಗುವ ಬೈಲಕುಪ್ಪೆಯಲ್ಲಂತೂ 1960ರ ದಶಕದ ಆರಂಭದಿಂದ ಟಿಬೆಟಿನವರು ನೆಲೆಸಿದ್ದಾರೆ. ಅಲ್ಲಿ ಚಹಾ ಕುಡಿಯುವಾಗ ಬೌದ್ಧ ಮುದುಕಿಯೊಬ್ಬರು ಮಣಿಮಾಲೆ ಎಣಿಸುತ್ತ ಕುಳಿತಿದ್ದರು. "ಇವರಿಗೆ ರಜೆ ಇಲ್ಲ ನೋಡು" ಎಂದರು ನಮ್ಮವರು. ಊರಿಗೆ ಮರಳಲಾಗದವರನ್ನು ಅವರು ಬೇಗ ಗುರುತಿಸುತ್ತಾರೆ.

ಸೌದಿಯಲ್ಲಿ ಗಾಡಿ ಬಲಗಡೆ ಓಡುತ್ತದೆ, ಸ್ಟೇರಿಂಗ್ ಎಡಗಡೆ. ಗೇರ್ ಬದಲಿಸಲು ನಮ್ಮವರ ಬಲಗೈ ಮೇಲೇಳುವುದು, ಬಾಗಿಲಿಗೆ ಬಡಿಯುವುದು. ಕುಶಾಲನಗರದವರೆಗೆ ಇದು ತಮಾಷೆಯಾಗಿತ್ತು. ಆನೆಕಾಡಿನ ತಿರುವೊಂದರಲ್ಲಿ ಗಾಡಿ ತಾನಾಗಿ ಬಲಕ್ಕೆ ಸರಿಯಿತು, ಎದುರಿಗೆ ಬಸ್ಸು. "ಎಡಕ್ಕೆ!" ಎಂಬ ಕಿರುಚು ನಮ್ಮಿಂದ ಹೊರಟಿತು. ಬಸ್ಸು ಬೈಯುತ್ತ ಹೋಯಿತು. ಮೈಲಿಗಟ್ಟಲೆ ಮೌನ. ಆಮೇಲೆ ನಮ್ಮವರು, "ನನ್ನ ಮೇಲೆ ನೀನು ಕೂಗಿದ್ದು ಇದೇ ಮೊದಲು" ಎಂದರು. ಬೇಸರದಿಂದಲ್ಲ, ಲೆಕ್ಕ ಒಪ್ಪಿಸಿದಂತೆ.

ಸುಂಟಿಕೊಪ್ಪ ಇನ್ನೂ ದೂರವಿರುವಾಗಲೇ ಕತ್ತಲಾಯಿತು. ತೋಟವೊಂದರ ಬೇಲಿಯ ಬಳಿ ನಿಲ್ಲಿಸಿದೆವು. ಅರ್ಧ ಗಂಟೆಯಲ್ಲಿ ಟಾರ್ಚು ಹಿಡಿದು ಒಬ್ಬರು ಬಂದರು. "ಇಲ್ಲಿ ನಿಲ್ಲಿಸಬೇಡಿ, ಆನೆ ದಾಟುವ ಜಾಗ. ನಾನು ಈ ತೋಟದ ರೈಟರ್" ಎಂದರು. ನಮ್ಮವರು ಹೆಮ್ಮೆಯಿಂದ, "ಇವರೂ ರೈಟರೇ" ಎಂದು ನಮ್ಮ ಕಡೆ ತೋರಿಸಿದರು. ಅವರು ಗಂಭೀರವಾಗಿ ಕೇಳಿದರು: "ಯಾವ ತೋಟ?"

ಅವರೇ ನಮ್ಮನ್ನು ಕಾಫಿ ಒಣಗಿಸುವ ಕಣದ ಪಕ್ಕಕ್ಕೆ ಕರೆದೊಯ್ದರು. ಲೈನ್ ಮನೆಯಲ್ಲಿ ಅಸ್ಸಾಮಿನಿಂದ ಕಾಫಿ ಕೊಯ್ಲಿಗೆ ಬಂದಿದ್ದ ಗಂಡ ಹೆಂಡತಿ ಇದ್ದರು, ಜೊತೆಗೊಂದು ಕೂಸು. ನಮ್ಮವರು ಗಲ್ಫಿನಲ್ಲಿ ಕಲಿತ ಹಿಂದಿಯಲ್ಲಿ ಮಾತಾಡಿಸಿದರು. ಎರಡು ಸಾವಿರ ಮೈಲಿ ಆಚೆಯ ಊರು, ಒಂದೇ ಕೋಣೆ, ಹೊಗೆ ಹಿಡಿದ ಗೋಡೆ. ಆದರೂ ಆ ಹೆಂಗಸು ಗಂಡನ ಜೇಬಿಗೆ ಕೈಹಾಕಿ ಬೆಂಕಿಪೊಟ್ಟಣ ತೆಗೆದುಕೊಂಡ ಸಲುಗೆಯನ್ನು ನಾವಿಬ್ಬರೂ ನೋಡಿದೆವು. ನೋಡಿದ್ದನ್ನು ಇಬ್ಬರೂ ಹೇಳಲಿಲ್ಲ.

ಓಮ್ನಿಯೊಳಗೆ ಮಲಗಿದರೆ ಮಗ್ಗುಲು ಬದಲಿಸಲು ಇನ್ನೊಬ್ಬರ ಅನುಮತಿ ಬೇಕು. ದೀಪ ಆರಿದ ಮೇಲೆ ಮಾತು ಬಂತು. ಮುಖ ಕಾಣದೆ ಮಾತಾಡುವುದು ಫೋನಿನಿಂದ ಬಂದ ಅಭ್ಯಾಸವಲ್ಲವೇ? ನಮ್ಮ ತಾಯಿ ತೀರಿಕೊಂಡ ದಿನ ರಜೆ ಸಿಗದೆ, ಟ್ಯಾಂಕರಿನಲ್ಲಿ ಕೂತು ಅತ್ತಿದ್ದನ್ನು ಅವರು ಅಂದು ಹೇಳಿದರು. ಮಗಳಿಗೆ ಜ್ವರ ಏರಿದ ರಾತ್ರಿ ಫೋನಿನಲ್ಲಿ 'ಎಲ್ಲ ಚೆನ್ನಾಗಿದೆ' ಎಂದದ್ದು ಸುಳ್ಳೆಂದು ನಾವೂ ಒಪ್ಪಿಕೊಂಡೆವು.

ಮಡಿಕೇರಿಯಲ್ಲಿ ಎರಡು ದಿನ ವಸತಿಗೃಹದಲ್ಲಿ ಉಳಿಯಬೇಕೆಂದಿತ್ತು. ಅಲ್ಲಿ ನಮ್ಮವರು "ಎರಡು ಮಂಚದ ರೂಮು ಇದೆಯೇ?" ಎಂದುಬಿಟ್ಟರು. ಗುಮಾಸ್ತ ಆಧಾರ್ ಕಾರ್ಡುಗಳನ್ನು ನೋಡಿದ. ಒಂದರಲ್ಲಿ ಹುಣಸೂರಿನ ವಿಳಾಸ, ಇನ್ನೊಂದರಲ್ಲಿ ಮೈಸೂರಿನದು. "ನೀವು ಗಂಡ ಹೆಂಡತಿಯೇ?" ಎಂದ. ಸಣ್ಣ ಪ್ರಶ್ನೆ, ಇಬ್ಬರ ಬಾಯಿಂದಲೂ ಉತ್ತರ ಥಟ್ಟನೆ ಬರಲಿಲ್ಲ. ಇಕಾಮಾ ಇಟ್ಟುಕೊಳ್ಳುತ್ತಿದ್ದ ಜೇಬಿನಿಂದ ನಮ್ಮವರು ಪಾಸ್‌ಪೋರ್ಟ್ ತೆಗೆದರು. ಅದರ ಕೊನೆಯ ಪುಟದಲ್ಲಿ ಹೆಂಡತಿಯ ಹೆಸರು ಅಚ್ಚಾಗಿತ್ತು. ನಮ್ಮನ್ನು ದೂರವಿಟ್ಟ ಪುಸ್ತಕವೇ ಅಂದು ನಮಗೆ ಸಾಕ್ಷಿಯಾಯಿತು.

ರಾಜರ ಗದ್ದುಗೆಗೆ ಹೋದೆವು. ಗುಮ್ಮಟ, ಮಿನಾರು ಕಂಡು ದರ್ಗಾ ಎಂದುಕೊಂಡು ಸೆರಗು ತಲೆಗೇರಿತು. ಅವರು ವೀರಶೈವ ದೊರೆಗಳು, ಕಟ್ಟಡದ ಶೈಲಿ ಮಾತ್ರ ನಮ್ಮ ಕಡೆಯದು. ದೊಡ್ಡ ವೀರರಾಜೇಂದ್ರನೂ ರಾಣಿ ಮಹದೇವಮ್ಮನೂ ಒಂದೇ ಸೂರಿನಡಿ ಮಲಗಿದ್ದಾರೆ. ಕೊನೆಯ ದೊರೆ ಚಿಕ್ಕವೀರರಾಜೇಂದ್ರನಿಗೆ ಆ ಭಾಗ್ಯವಿಲ್ಲ. 1834ರಲ್ಲಿ ಬ್ರಿಟಿಷರು ಅವನನ್ನು ಪದಚ್ಯುತಗೊಳಿಸಿ ಕಾಶಿಗೆ ಕಳಿಸಿದರು. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಮಗಳು ಅಲ್ಲಿ ಕ್ರೈಸ್ತಳಾದಳು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಅಪ್ಪ ಕಂಪನಿಯಿಂದ ಬರಬೇಕಾದ ಹಣಕ್ಕಾಗಿ ಅಲೆದು 1859ರಲ್ಲಿ ಅಲ್ಲೇ ತೀರಿಕೊಂಡ. "ಹಣಕ್ಕಾಗಿ ಹೋದವನು, ಊರಿಗೆ ಬರಲೇ ಇಲ್ಲ" ಎಂದ ನಮ್ಮವರು ಬಹಳ ಹೊತ್ತು ಮೆಟ್ಟಿಲ ಮೇಲೆ ಕುಳಿತಿದ್ದರು. ಎಬ್ಬಿಸಲು ಕೈಕೊಟ್ಟಾಗ ಆ ಕೈಯನ್ನು ಗಾಡಿಯವರೆಗೂ ಬಿಡಲಿಲ್ಲ.

ವಿರಾಜಪೇಟೆ, ಗೋಣಿಕೊಪ್ಪ, ತಿತಿಮತಿಯ ದಾರಿಯಾಗಿ ಮರಳಿದೆವು. ಆನೆಚೌಕೂರಿನ ಗೇಟಿನಲ್ಲಿ ಕಾವಲಿನವನು ಪರದೆ ಸರಿಸಿ ಹಾಸಿಗೆ, ಸ್ಟೌ ನೋಡಿ ಬೆರಗಾದ.

"ಒಳಗೆ ಎಷ್ಟು ಜನ?"

"ನಾವಿಬ್ಬರೇ" ಎಂದರು ನಮ್ಮವರು. ಗೇರ್ ಹಾಕಲು ಅವರ ಬಲಗೈ ಮತ್ತೆ ಬಾಗಿಲಿಗೆ ಬಡಿಯಿತು. ಇಬ್ಬರೂ ಒಟ್ಟಿಗೆ ನಕ್ಕೆವು.