ಬಾಕಿ ಅಂತ ಕಳಿಸಿದೆ, ಬಾ ಅಂತ ತಲುಪಿತು

ಸೆಪ್ಟೆಂಬರಿನ ಒಂದು ಭಾನುವಾರ ರಾತ್ರಿ. ಹಾಸ್ಟೆಲ್ ಮೆಸ್ಸಿನಲ್ಲಿ ಊಟ ಮುಗಿಸಿ ಕೈ ತೊಳೀತಿದ್ದೆ. ಊರಿಂದ ದೊಡ್ಡಮ್ಮನ ಫೋನ್ ಬಂತು.

"ಮಗಾ, ನಿನ್ನ ಆಪಲ್ಲಿ ಸೊಪ್ಪಿನಜ್ಜಿ ದುಡ್ಡೇ ಇಲ್ವಲ್ಲೋ. ಆರು ವಾರದ್ದು ಒಂದೂ ತೋರಿಸ್ತಿಲ್ಲ. ಇಲ್ಲಿ ದೊಡ್ಡ ರಾದ್ಧಾಂತ ಆಗೈತೆ."

ನಮ್ಮೂರು ಭರಮಸಾಗರ. ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವಾಗ ಹೆದ್ದಾರಿ 48ರ ಮೇಲೆ ಸಿಗುತ್ತೆ. ನಿಮ್ಮಲ್ಲಿ ಹುಬ್ಬಳ್ಳಿ ಕಡೆಯವರು ರಾತ್ರಿ ಬಸ್ಸಲ್ಲಿ ನಿದ್ದೆ ಹೊಡೀತಾ ಎಷ್ಟೋ ಸಲ ದಾಟಿರ್ತೀರಿ. ದೊಡ್ಡಮ್ಮ ಅಲ್ಲಿ ಒಂದು ಮಹಿಳಾ ಸಂಘದ ಲೆಕ್ಕ ಬರೆಯೋರು. ಹದಿನೆಂಟು ಜನ ಸದಸ್ಯೆಯರು, ವಾರಕ್ಕೆ ತಲಾ 50 ರೂಪಾಯಿ ಉಳಿತಾಯ, ಗುರುವಾರ ಸಂಜೆ ಸಭೆ. ತಪ್ಪದೆ ಕಟ್ಟಿದವರಿಗೆ ಆ ಹಣದಲ್ಲೇ ಸಾಲ. ಇಷ್ಟು ದಿನ ಎಲ್ಲ ಒಂದು ಉದ್ದನೆ ಪುಸ್ತಕದಲ್ಲಿ ನಡೀತಿತ್ತು. ನಾಲ್ಕನೇ ಸೆಮಿಸ್ಟರ್ ರಜೆಯಲ್ಲಿ ಊರಿಗೆ ಹೋದಾಗ ನಾನು, "ಯಾಕೆ ದೊಡ್ಡಮ್ಮ ಇಷ್ಟು ಕಷ್ಟ, ಒಂದು ಆಪ್ ಮಾಡಿಕೊಡ್ತೀನಿ" ಅಂದೆ. ಯಾರೂ ಕೇಳಿರಲಿಲ್ಲ. ನಾನೇ ಹೇಳಿಕೊಂಡು ಮಾಡಿದ್ದು.

ಆಪ್ ಅಂದರೆ ಫೋನಿನಲ್ಲಿ ತೆರೆಯುವ ಒಂದು ವೆಬ್ ಪುಟ, ಅಷ್ಟೇ. ಸದಸ್ಯೆಯ ನಂಬರು, ಹಣ, ಬೇಕಿದ್ದರೆ ಒಂದು ಟಿಪ್ಪಣಿ. 'ಉಳಿಸಿ' ಒತ್ತಿದರೆ ಅದು ನಾನು ನೋಡ್ ಜೆಎಸ್‌ನಲ್ಲಿ ಬರೆದ ಒಂದು ಸಣ್ಣ ಪ್ರೋಗ್ರಾಮಿಗೆ ಹೋಗುತ್ತೆ. ಆ ಪ್ರೋಗ್ರಾಂ ಅದನ್ನು ಡೇಟಾಬೇಸ್ ಇರುವ ಸರ್ವರಿಗೆ ಪೋಸ್ಟ್ ಮಾಡುತ್ತೆ. ಡೇಟಾಬೇಸಿನ ಕೀಲಿಯನ್ನು ಫೋನಿನ ಪುಟದಲ್ಲಿ ಇಡಬಾರದು ಅನ್ನೋ ಬುದ್ಧಿ ಇತ್ತು, ಅದಕ್ಕೇ ನಡುವೆ ಈ ಪ್ರೋಗ್ರಾಂ. ಪರದೆ ಮೇಲೆ ಹಸಿರು ಬಣ್ಣದಲ್ಲಿ 'ಉಳಿಸಲಾಗಿದೆ' ಅಂತ ಬರುತ್ತೆ. ದೊಡ್ಡಮ್ಮ ಆ ಹಸಿರನ್ನು ನಂಬಿ ಪುಸ್ತಕ ಬರೆಯೋದು ನಿಲ್ಲಿಸಿದ್ದರು.

ಆ ಗುರುವಾರ ಸೊಪ್ಪಿನಜ್ಜಿ ಮೊಮ್ಮಗಳ ಹಾಸ್ಟೆಲ್ ಖರ್ಚಿಗೆ 5,000 ರೂಪಾಯಿ ಸಾಲ ಕೇಳಿದ್ದಾರೆ. ಲೆಕ್ಕ ತೆಗೆದು ನೋಡಿದರೆ ಆರು ವಾರ ಸೊನ್ನೆ. ಯಾರೋ "ವಯಸ್ಸಾಯ್ತು, ಮರ್ತಿರ್ತಾಳೆ ಬಿಡ್ರಿ" ಅಂದರಂತೆ. ಇನ್ನೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಏನೋ ಅಂದರಂತೆ. ಅಜ್ಜಿ "ನಾ ಕೊಟ್ಟೀನಿ ಕಣ್ರವ್ವ" ಅಂತ ಒಂದೇ ಮಾತು ಹೇಳಿ ಎದ್ದು ಹೋದರಂತೆ. ಊರಲ್ಲಿ ಬೆಳಗ್ಗೆ ಸೊಪ್ಪಿನ ಪುಟ್ಟಿ ಹೊತ್ತು ಮನೆ ಮನೆಗೆ ಹೋಗುವವರ ಮೇಲೆ ಇಂಥ ಮಾತು ಬಂದರೆ ಅದು 300 ರೂಪಾಯಿಗೆ ನಿಲ್ಲಲ್ಲ.

ಫೋನಿಟ್ಟ ತಕ್ಷಣ ನನಗೆ ಹೊಳೆದದ್ದು ಏನು ಗೊತ್ತಾ? "ನೆಟ್‌ವರ್ಕ್ ಸರಿ ಇರಲ್ಲ." ನಾವೆಲ್ಲ ಮೊದಲು ಹೇಳೋದೇ ಅದು. ಆದರೆ ಹಾಗಾಗಿದ್ದರೆ ಎಲ್ಲರ ಹಣವೂ ಅಲ್ಲಲ್ಲಿ ತಪ್ಪಬೇಕಿತ್ತು. ಒಬ್ಬ ಅಜ್ಜಿಯ ಆರಕ್ಕೆ ಆರು ವಾರವೂ ಹುಡುಕಿಕೊಂಡು ತಪ್ಪೋದು ಸಿಗ್ನಲ್ಲಿನ ಕೆಲಸ ಅಲ್ಲ.

ಲ್ಯಾಪ್‌ಟಾಪ್ ತೆಗೆದು ನಡುವಿನ ಪ್ರೋಗ್ರಾಮಿನ ಲಾಗ್ ನೋಡಿದೆ. ಬಹಳಷ್ಟು ಸಾಲು 200. ನಡುನಡುವೆ 400. ಎಣಿಸಿದರೆ ಹದಿನೈದು. ಲಾಗಿನಲ್ಲಿ ದಿನ, ಗಂಟೆ, ಕೋಡ್ ಬಿಟ್ಟು ಬೇರೇನೂ ಇರಲಿಲ್ಲ, ಯಾರ ಹಣ ಅಂತ ನಾನು ಬರೆಸಿರಲೇ ಇಲ್ಲ. ಆದರೂ ಆ ಮೂರು ಅಂಕಿ ಬಹಳ ಹೇಳ್ತಾವೆ. ಉತ್ತರವೇ ಬಾರದಿದ್ದರೆ ಅದು ಒಂದು ಜಾತಿಯ ರೋಗ: ನೆಟ್‌ವರ್ಕ್, ತಪ್ಪು ವಿಳಾಸ, ಟೈಮ್‌ಔಟ್. 500ರ ಸಾಲಿನ ಕೋಡ್ ಬಂದರೆ "ನನ್ನ ಕಡೆ ಎಡವಟ್ಟಾಗಿದೆ" ಅಂತ ಸರ್ವರ್ ಒಪ್ಪಿಕೊಂಡ ಹಾಗೆ. 400ರ ಸಾಲು ಅಂದರೆ "ನೀನು ಕಳಿಸಿದ್ದೇ ಸರಿ ಇಲ್ಲ" ಅಂತ. ಅದರಲ್ಲೂ 401 ಅಂದರೆ ಗುರುತು ಸಾಲದು, 413 ಅಂದರೆ ಹೊರೆ ಜಾಸ್ತಿ, 415 ಅಂದರೆ ಈ ಬಗೆಯ ಡೇಟಾ ನನಗೆ ಬೇಡ. ಬರೀ 400 ಅಂದರೆ "ನೀನು ಹೇಳಿದ್ದೇ ನನಗೆ ಅರ್ಥ ಆಗಲಿಲ್ಲ". ಅಂದರೆ ನನ್ನ ರಿಕ್ವೆಸ್ಟ್ ಸರ್ವರ್ ತನಕ ಹೋಗಿತ್ತು. ಅಲ್ಲಿ ವಾಪಸ್ ಕಳಿಸಿದ್ದರು.

ಹಾಗಾದರೆ ಹಸಿರು ಬಣ್ಣದ 'ಉಳಿಸಲಾಗಿದೆ' ಎಲ್ಲಿಂದ ಬಂತು? ಆ ತಪ್ಪು ಮೊದಲು ಸಿಕ್ಕಿತು, ನಾಚಿಕೆಯೂ ಆಯಿತು. ಪುಟದಲ್ಲಿ ನಾನು ಫೆಚ್ ಬಳಸಿದ್ದೆ. ಸರ್ವರ್ 400 ಕೊಟ್ಟರೂ 500 ಕೊಟ್ಟರೂ ಫೆಚ್ ಅದನ್ನು ಎರರ್ ಅಂತ ಎಸೆಯಲ್ಲ. ಉತ್ತರ ಅಂತ ಒಂದು ಬಂದರೆ ಅದರ ಮಟ್ಟಿಗೆ ಕೆಲಸ ಮುಗೀತು. ಉತ್ತರ ಹೌದೋ ಅಲ್ಲವೋ ಅಂತ ರೆಸ್ಪಾನ್ಸ್ ಡಾಟ್ ಓಕೆ ನೋಡಿ ನಾವೇ ತಿಳಿಯಬೇಕು. ನಾನು ನೋಡಿರಲಿಲ್ಲ. ನಮ್ಮೂರ ಕೆರೆಗೆ ಹರಿಹರದ ಕಡೆಯಿಂದ ತುಂಗಭದ್ರೆ ನೀರನ್ನು ಪೈಪಿನಲ್ಲಿ ತರ್ತಾರೆ. ನದಿ ಹತ್ರ ಮೋಟಾರು ಶುರುವಾಯ್ತು ಅಂತ ಕೇಳಿದ ಮಾತ್ರಕ್ಕೆ ಯಾರೂ ಕೆರೆ ತುಂಬಿತು ಅನ್ನಲ್ಲ, ಏರಿ ಮೇಲೆ ನಿಂತು ನೀರು ನೋಡಿ ಆಮೇಲೆ ಹೇಳ್ತಾರೆ. ನಾನು ಮೋಟಾರಿನ ಸದ್ದಿಗೇ 'ತುಂಬಿದೆ' ಅಂತ ಬೋರ್ಡು ಹಾಕಿದ್ದೆ.

ಆದರೆ ಅದು ಸುಳ್ಳು ಹೇಳಿದ ತಪ್ಪು. 400 ಯಾಕೆ ಬಂತು ಅನ್ನೋದು ಇನ್ನೂ ಬಾಕಿ ಇತ್ತು.

ನನ್ನ ಫೋನಿನಿಂದ ಅಜ್ಜಿಯ ನಂಬರು 17, ಹಣ 30 ಹಾಕಿ ಕಳಿಸಿದೆ. 200. ಸರಿಯಾಗಿ ಉಳಿಯಿತು! ಮತ್ತೆ ದೊಡ್ಡಮ್ಮನಿಗೆ ಫೋನ್ ಮಾಡಿ, "ಅಜ್ಜಿದು ನೀವು ಹೆಂಗೆ ಹಾಕ್ತೀರಿ, ಒಂದೊಂದೇ ಹೇಳ್ರಿ" ಅಂದೆ. "ಎಲ್ಲಾರ್ದು ಹಾಕ್ದಂಗೇ ಹಾಕ್ತೀನಪ್ಪ. ಅಜ್ಜಿ ಗುರುವಾರ ಮೂವತ್ತು ಕೊಡ್ತಾಳೆ, ಸೊಪ್ಪು ಮಾರಿ ಶನಿವಾರ ಇಪ್ಪತ್ತು. ಅದಕ್ಕೇ ಟಿಪ್ಪಣೀಲಿ ಬಾಕಿ ಅಂತ ಬರೀತೀನಿ."

ಟಿಪ್ಪಣಿ! ಪೂರ್ತಿ 50 ಒಟ್ಟಿಗೆ ಕೊಡೋರಿಗೆ ಟಿಪ್ಪಣಿ ಬೇಕಿಲ್ಲ. ಬಿಡಿಬಿಡಿಯಾಗಿ ಕೊಡೋರಿಗೆ ಮಾತ್ರ ಬೇಕು. ನಾನು ಟಿಪ್ಪಣಿಯಲ್ಲಿ ಇಂಗ್ಲಿಷಿನಲ್ಲಿ 'ಟೆಸ್ಟ್' ಅಂತ ಬರೆದು ಕಳಿಸಿದೆ, 200. ಕನ್ನಡದಲ್ಲಿ 'ಬಾಕಿ' ಅಂತ ಬರೆದು ಕಳಿಸಿದೆ, 400. ಒಂದೇ ಒಂದು ವಿಷಯ ಬದಲಿಸಿ ನೋಡಿದ್ದಕ್ಕೆ ರಾತ್ರಿ ಹನ್ನೊಂದಕ್ಕೆ ಇಷ್ಟು ಗೊತ್ತಾಯ್ತು. ನಾಲ್ಕು ವಿಷಯ ಒಟ್ಟಿಗೆ ಬದಲಿಸಿದ್ದರೆ ಬೆಳಗಾಗ್ತಿತ್ತು.

ಸರ್ವರಿಗೆ ಕನ್ನಡ ಬರಲ್ವಾ ಅಂತ ಅನುಮಾನ. ಅದನ್ನೂ ಪರೀಕ್ಷೆ ಮಾಡಿದೆ. ನನ್ನ ಪ್ರೋಗ್ರಾಂ ಬಿಟ್ಟು, ಟರ್ಮಿನಲ್ಲಿನಿಂದ ಕರ್ಲ್ ಬಳಸಿ ಅದೇ 'ಬಾಕಿ'ಯನ್ನು ನೇರ ಸರ್ವರಿಗೇ ಕಳಿಸಿದೆ. 200. ಅಂದರೆ ಸರ್ವರಿಗೆ ಕನ್ನಡ ಬರುತ್ತೆ. ಬಾರದಿರೋದು ನಡುವೆ ಕೂತ ನನ್ನ ಪ್ರೋಗ್ರಾಮಿಗೆ. ಕೊನೆಗೆ ಲ್ಯಾಪ್‌ಟಾಪಿನಲ್ಲೇ ಒಂದು ಪುಟ್ಟ ಸರ್ವರ್ ಎಬ್ಬಿಸಿದೆ. ಬಂದದ್ದನ್ನು ಬಂದ ಹಾಗೇ ಪರದೆ ಮೇಲೆ ಮುದ್ರಿಸೋದು ಬಿಟ್ಟು ಅದಕ್ಕೆ ಬೇರೆ ಕೆಲಸ ಇಲ್ಲ. ನನ್ನ ಪ್ರೋಗ್ರಾಂ ಅದಕ್ಕೆ ಪೋಸ್ಟ್ ಮಾಡೋ ಹಾಗೆ ತಿರುಗಿಸಿದೆ. ನಂಬರು ಬಂತು, ಹಣ ಬಂತು, ಟಿಪ್ಪಣಿಯಲ್ಲಿ 'ಬಾ' ಬಂತು. ಅಲ್ಲಿಗೇ ನಿಂತಿತು. 'ಕಿ' ಇಲ್ಲ, ಮುಚ್ಚುವ ಉದ್ಧರಣ ಚಿಹ್ನೆ ಇಲ್ಲ, ಕೊನೆಯ ಆವರಣ ಇಲ್ಲ. ಅರ್ಧಕ್ಕೆ ಹರಿದ ಜೇಸನ್. ಯಾವ ಸರ್ವರ್ ತಾನೇ ಒಪ್ಪುತ್ತೆ?

ಕಾರಣ ಒಂದೇ ಸಾಲಿನಲ್ಲಿತ್ತು. ಪೋಸ್ಟ್ ಮಾಡುವಾಗ ಕಂಟೆಂಟ್-ಲೆಂತ್ ಅನ್ನೋ ಹೆಡರಿನಲ್ಲಿ "ನನ್ನ ಡೇಟಾ ಇಷ್ಟು ಉದ್ದ ಇದೆ" ಅಂತ ಹೇಳಬೇಕು. ಆ ಉದ್ದವನ್ನು ಬೈಟಿನಲ್ಲಿ ಹೇಳಬೇಕು. ನಾನು ಜಾವಾಸ್ಕ್ರಿಪ್ಟಿನ ಡಾಟ್ ಲೆಂತ್ ಕೊಟ್ಟಿದ್ದೆ. ಅದು ಬೈಟು ಎಣಿಸಲ್ಲ. ಇಂಗ್ಲಿಷಿನಲ್ಲಿ ಎರಡೂ ಒಂದೇ ಆದ್ದರಿಂದ ತಪ್ಪು ಕಾಣಲ್ಲ. ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು. ಕನ್ನಡಕ್ಕೆ ಹಾಗಲ್ಲ, ಯೂನಿಕೋಡಿನಲ್ಲಿ ನಮ್ಮ ಪ್ರತಿ ವ್ಯಂಜನ, ಪ್ರತಿ ಗುಣಿತದ ಚಿಹ್ನೆ, ಒತ್ತಕ್ಷರಕ್ಕೆ ಬೇಕಾದ ವಿರಾಮ ಚಿಹ್ನೆ, ಎಲ್ಲಕ್ಕೂ ಮೂರು ಮೂರು ಬೈಟು. 'ಬಾಕಿ' ಕಣ್ಣಿಗೆ ಎರಡು ಅಕ್ಷರ. ಡಾಟ್ ಲೆಂತ್ ಲೆಕ್ಕದಲ್ಲಿ ನಾಲ್ಕು: ಬ, ಅದರ ದೀರ್ಘ, ಕ, ಅದರ ಗುಡಿಸು. ತಂತಿಯ ಮೇಲೆ ಹನ್ನೆರಡು. 'ಭರಮಸಾಗರ' ಕಣ್ಣಿಗೆ ಆರು, ಡಾಟ್ ಲೆಂತ್‌ಗೆ ಏಳು, ತಂತಿಗೆ ಇಪ್ಪತ್ತೊಂದು.

ಆ ಇಡೀ ಸಂದೇಶ 41 ಬೈಟು. ನಾನು ಹೆಡರಿನಲ್ಲಿ ಹೇಳಿದ್ದು 33. ಸರ್ವರ್ ಪ್ರಾಮಾಣಿಕವಾಗಿ 33 ಓದಿ ನಿಲ್ಲಿಸಿತು. ಬಾಕಿ ಉಳಿದ 8 ಬೈಟಿನಲ್ಲಿ ಆರು 'ಕಿ'ಯದು, ಒಂದು ಉದ್ಧರಣ ಚಿಹ್ನೆ, ಒಂದು ಆವರಣ.

ಮರುದಿನ ಅಪ್ಪನಿಗೆ ಇದನ್ನ ಹೇಳಿದರೆ ಅವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. "ಈರುಳ್ಳೀನ ಇಲ್ಲಿ ಚೀಲ ಎಣಿಸಿ ಲಾರಿಗೆ ಹಾಕ್ತೀವಿ. ಯಶವಂತಪುರದಾಗೆ ದುಡ್ಡು ಕೊಡೋದು ತೂಕಕ್ಕೆ. ನೀನು ಚೀಲದ ಲೆಕ್ಕಾನ ತೂಕದ ಚೀಟೀಲಿ ಬರ್ದೀಯ." ಕಾಲೇಜಿನಲ್ಲಿ ಯಾರೂ ಇಷ್ಟು ಚೊಕ್ಕವಾಗಿ ಹೇಳಿಕೊಟ್ಟಿರಲಿಲ್ಲ.

ರಿಪೇರಿ ಸಣ್ಣದು. ಡಾಟ್ ಲೆಂತ್ ತೆಗೆದು ಬಫರ್ ಡಾಟ್ ಬೈಟ್‌ಲೆಂತ್ ಹಾಕಿದೆ. ಪುಟದಲ್ಲಿ, ಉತ್ತರ ನೋಡಿದ ಮೇಲಷ್ಟೇ ಹಸಿರು, ಇಲ್ಲದಿದ್ದರೆ ಕೆಂಪಿನಲ್ಲಿ 'ಉಳಿದಿಲ್ಲ, ಪುಸ್ತಕದಲ್ಲಿ ಬರೆಯಿರಿ' ಅಂತ ಹಾಕಿದೆ. ಪ್ರತಿ ನಮೂದಿಗೂ ಫೋನಿನಲ್ಲೇ ಒಂದು ರಸೀದಿ ನಂಬರು ಹುಟ್ಟೋ ಹಾಗೆ ಮಾಡಿದೆ. ಪೋಸ್ಟ್ ಎರಡು ಸಲ ಹೋದರೆ ಎರಡು ಸಲ ದಾಖಲಾಗುವ ಅಪಾಯ ಇದೆ. ಒಂದೇ ರಸೀದಿ ನಂಬರು ಮತ್ತೆ ಬಂದರೆ ಸರ್ವರ್ ಕಡೆ ಅದನ್ನು ಬಿಟ್ಟುಬಿಡಬಹುದು.

ಆದರೆ ಹೋದ ಹದಿನೈದು ನಮೂದು ಕೋಡಿನಿಂದ ವಾಪಸ್ ಬರಲ್ಲ. ಶನಿವಾರ ಊರಿಗೆ ಹೋದೆ. ದೊಡ್ಡಮ್ಮ ನನ್ನನ್ನು ಸೀದಾ ಸೊಪ್ಪಿನಜ್ಜಿ ಮನೆಗೇ ಕರ್ಕೊಂಡು ಹೋದರು. ನಾನು ತಪ್ಪಾಯ್ತು ಅನ್ನೋಕೆ ಬಾಯಿ ತೆಗೆಯೋ ಮೊದಲೇ ಅಜ್ಜಿ ಒಲೆ ಪಕ್ಕದ ಗೋಡೆ ತೋರಿಸಿದರು. ಇದ್ದಿಲಿನಲ್ಲಿ ಎಳೆದ ಗೆರೆಗಳು. ಹತ್ತು ರೂಪಾಯಿಗೆ ಒಂದು ಗೆರೆ. ಮೂರು ಗೆರೆ, ಜಾಗ, ಎರಡು ಗೆರೆ, ಜಾಗ. ನನ್ನ ಲಾಗ್ ಪಕ್ಕದಲ್ಲಿಟ್ಟು ನೋಡಿದೆ. ಗುರುವಾರ ಒಂದು 400, ಶನಿವಾರ ಒಂದು 400, ಆರು ವಾರಕ್ಕೆ ಹನ್ನೆರಡು. ಗೋಡೆ ಮೇಲೆ ಹನ್ನೆರಡು ಗುಂಪು, ಮೂವತ್ತು ಗೆರೆ, 300 ರೂಪಾಯಿ. ಉಳಿದ ಮೂರು 400 ಇನ್ನಿಬ್ಬರದು, ಅವರೂ ಬಿಡಿಯಾಗಿ ಕಟ್ಟುವವರೇ. ಓದು ಬಾರದ ಅಜ್ಜಿಯ ಲಾಗಿನಲ್ಲಿ ನನ್ನದಕ್ಕಿಂತ ಹೆಚ್ಚು ಮಾಹಿತಿ ಇತ್ತು.

"ಯಂತ್ರ ತಪ್ಪು ಮಾಡ್ತಾ?" ಅಂದರು ಅಜ್ಜಿ. "ಇಲ್ಲಜ್ಜಿ, ಯಂತ್ರ ಸರಿಯಾಗೇ ಬೇಡ ಅಂದಿತ್ತು. ನಾನು ಕೇಳಿಸ್ಕೊಳ್ಳಲಿಲ್ಲ" ಅಂದೆ. "ಹಂಗಾರೆ ಇದನ್ನ ನನ್ನ ಮುಂದೆ ಹೇಳಬೇಡ, ಸಭೇಲಿ ಹೇಳು" ಅಂದರು.

ಮುಂದಿನ ಗುರುವಾರ ಸಂಜೆ ನನಗೆ ಲ್ಯಾಬ್ ಇಂಟರ್ನಲ್ಸ್ ಇತ್ತು. ಹಾಸ್ಟೆಲ್ಲಿನಿಂದ ವಿಡಿಯೋ ಕಾಲ್ ಮಾಡಿ ಹದಿನೆಂಟು ಜನರ ಮುಂದೆ ಹೇಳಿದೆ: ಅಜ್ಜಿ ಕೊಟ್ಟಿದ್ದಾರೆ, ತಪ್ಪು ನನ್ನದು. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ "ಸಾಲ ಬರ್ಕೊಳ್ರಿ" ಅಂತ ಯಾರದೋ ದನಿ.

ಗೆಳೆಯರೇ, ಹೋದ ನವೆಂಬರಿನಲ್ಲಿ ನಮ್ಮ ಬಳಗದ ರಾಜ್ಯೋತ್ಸವದಲ್ಲಿ ಕನ್ನಡದಲ್ಲಿ ತಂತ್ರಜ್ಞಾನ ಬೆಳೀಬೇಕು ಅಂತ ಭಾಷಣ ಹೊಡೆದವನು ನಾನೇ. ಅಂಥವನು ಕನ್ನಡದ ಬಟನ್ ಇಟ್ಟು, ಒಳಗೆ ಇಂಗ್ಲಿಷಿನಲ್ಲಿ 'ಟೆಸ್ಟ್' ಅಂತ ಬರೆದು ಪರೀಕ್ಷೆ ಮುಗಿಸಿದ್ದೆ. ನೀವು ಮಿನಿ ಪ್ರಾಜೆಕ್ಟಿನಲ್ಲಿ ಫಾರ್ಮ್ ಮಾಡುವಾಗ ಮೊದಲ ಟೆಸ್ಟ್ ಕೇಸಿನಲ್ಲೇ ನಿಮ್ಮೂರ ಹೆಸರನ್ನು ಕನ್ನಡದಲ್ಲಿ ಹಾಕಿ ನೋಡಿ. ಒತ್ತಕ್ಷರ ಇರೋ ಊರಾದರೆ ಇನ್ನೂ ಒಳ್ಳೇದು. ಬಂದ ಉತ್ತರದ ಕೋಡ್ ಓದಿ ಆಮೇಲೆ ಹಸಿರು ತೋರಿಸಿ.

ದೊಡ್ಡಮ್ಮ ಈಗಲೂ ಆಪ್ ಬಳಸ್ತಾರೆ. ಪಕ್ಕದಲ್ಲಿ ಪುಸ್ತಕವನ್ನೂ ಬರೀತಾರೆ. ಬೇಡ ಅನ್ನೋ ಧೈರ್ಯ ನನಗೆ ಬಂದಿಲ್ಲ.